‘ಗರಂ ಹವಾ’ಕ್ಕೆ ದುಡಿದವರು ಎಲ್ಲಿಂದ ಬಂದವರು?

ಎಂ.ಎಸ್. ಸತ್ಯು ನಿರ್ದೇಶನದ ‘ಗರಂ ಹವಾ’ದ ಮಾತು ಬಂದಾಗಲೆಲ್ಲ ಒಂದು ಪ್ರಶ್ನೆ ಏಳುತ್ತದೆ. ಮೈಸೂರಿನ ಹಿಂದೂ ಕುಟುಂಬವೊಂದರಿಂದ ಬಂದ ಕನ್ನಡಿಗರು ಆಗ್ರಾದ ಮುಸ್ಲಿಂ ಮನೆಯೊಂದರ ಒಳಗನ್ನು ಇಷ್ಟು ನಿಖರವಾಗಿ ಕಂಡದ್ದಾದರೂ ಹೇಗೆ? ಪ್ರಶ್ನೆಯಲ್ಲಿ ಮೆಚ್ಚುಗೆಯೂ ಇದೆ, ಸ್ವಲ್ಪ ಅನುಮಾನವೂ ಇದೆ. ಸಾರಾ ಅಬೂಬಕ್ಕರ್, ಬೊಳುವಾರು, ಫಕೀರ್ ಮುಹಮ್ಮದ್ ಕಟ್ಪಾಡಿ ಮೊದಲಾದವರು ಬರೆಯತೊಡಗಿದ ಮೇಲೆ ಕನ್ನಡದಲ್ಲಿ ಮುಸ್ಲಿಂ ಬದುಕನ್ನು ಯಾರು ಬರೆಯಬೇಕು, ಹೇಗೆ ಬರೆಯಬೇಕು ಎಂಬ ಚರ್ಚೆ ನಿಂತಿಲ್ಲ. ಒಳಗಿನವರಿಗೆ ಮಾತ್ರ ಸಾಧ್ಯ ಎನ್ನುವವರು ಒಂದು ಕಡೆ. ಕಲೆಗಾರನಿಗೆ ಒಳಗೂ ಇಲ್ಲ, ಹೊರಗೂ ಇಲ್ಲ ಎನ್ನುವವರು ಇನ್ನೊಂದು ಕಡೆ. ‘ಗರಂ ಹವಾ’ವನ್ನು ಇಬ್ಬರೂ ತಮ್ಮ ತಮ್ಮ ಸಾಕ್ಷಿಯಾಗಿ ಬಳಸಿಕೊಳ್ಳುತ್ತಾರೆ. ನಮಗೆ ಈ ಎರಡೂ ವಾದಗಳಲ್ಲಿ ಆಸಕ್ತಿ ಕಡಿಮೆ. ಆ ಚಿತ್ರಕ್ಕೆ ದುಡಿದವರು ಅದಕ್ಕೆ ಮೊದಲು ಏನು ಮಾಡುತ್ತಿದ್ದರು ಎಂಬುದನ್ನು ನೋಡಿದರೆ ಹೆಚ್ಚು ತಿಳಿಯುತ್ತದೆ ಎಂದು ನಮಗೆ ಅನ್ನಿಸುತ್ತದೆ.

ಹಿಂದಿ ಸಿನಿಮಾದಲ್ಲಿ ‘ಮುಸ್ಲಿಂ ಸೋಷಿಯಲ್’ ಎಂಬ ಒಂದು ಬಗೆಯೇ ಇತ್ತು. ‘ಚೌದವೀಂ ಕಾ ಚಾಂದ್’ (1960), ‘ಮೇರೆ ಮೆಹಬೂಬ್’ (1963), ಕೊನೆಗೆ ‘ಪಾಕೀಜಾ’ (1972). ಇವುಗಳಲ್ಲಿ ಮುಸ್ಲಿಮರೆಂದರೆ ಶೇರ್ವಾನಿ, ಬುರ್ಖಾ, ಶಾಯರಿ, ಕೋಠಿ, ಝೂಮರು. ಹಾಡುಗಳು ಅದ್ಭುತವಾಗಿದ್ದವು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಆ ಚಿತ್ರಗಳ ನವಾಬರ ಹೊಟ್ಟೆಪಾಡು ಏನು, ದುಡ್ಡು ಎಲ್ಲಿಂದ ಬರುತ್ತದೆ, ಬಾಡಿಗೆ ಯಾರು ಕಟ್ಟುತ್ತಾರೆ ಎಂದು ಯಾರೂ ಕೇಳುತ್ತಿರಲಿಲ್ಲ. ‘ಪಾಕೀಜಾ’ ಬಂದ ಬೆನ್ನಿಗೇ ತಯಾರಾದ ‘ಗರಂ ಹವಾ’ದ ಸಲೀಂ ಮಿರ್ಜಾ ಚಪ್ಪಲಿ, ಬೂಟು ತಯಾರಿಸುವವರು. ಆರ್ಡರು ಹಿಡಿಯಬೇಕು, ಬ್ಯಾಂಕಿನಿಂದ ಸಾಲ ತರಬೇಕು, ಕೆಲಸಗಾರರಿಗೆ ಕೂಲಿ ಕೊಡಬೇಕು. ಸಾಲ ಕೊಡುವವರಿಗೆ ಈಗ ಒಂದೇ ಭಯ: ನಾಳೆ ಈತನೂ ಪಾಕಿಸ್ತಾನಕ್ಕೆ ಹೊರಟುಬಿಟ್ಟರೆ? ದೇಶ ವಿಭಜನೆ ಆ ಮನೆಯ ಬಾಗಿಲು ತಟ್ಟುವುದು ಕತ್ತಿ ಹಿಡಿದುಕೊಂಡು ಅಲ್ಲ, ಲೆಕ್ಕದ ಪುಸ್ತಕ ಹಿಡಿದುಕೊಂಡು.

ಈ ಲೆಕ್ಕದ ಪುಸ್ತಕ ಎಲ್ಲಿಂದ ಬಂತು? ಮೂಲ ಕಥೆ ಇಸ್ಮತ್ ಚುಗ್ತಾಯಿ ಅವರದು. ಅದು ಅಚ್ಚಾಗಿರದ ಕಥೆ. ಅದರ ನಾಯಕ ಬೂಟಿನ ವ್ಯಾಪಾರಿಯಲ್ಲ, ರೈಲ್ವೆ ಸ್ಟೇಷನ್ ಮಾಸ್ತರ. ಅವನನ್ನು ಚರ್ಮದ ವಾಸನೆಯ ಕಾರ್ಖಾನೆಗೆ ಕರೆತಂದವರು ಕೈಫಿ ಆಜ್ಮಿ. ಆಜಂಗಢ ಜಿಲ್ಲೆಯ ಮಿಜ್ವಾನ್ ಎಂಬ ಹಳ್ಳಿಯ ಕೈಫಿಯವರನ್ನು ಮನೆಯವರು ಮೌಲ್ವಿಯಾಗಲೆಂದು ಲಖನೌದ ಮದರಸಾಕ್ಕೆ ಕಳಿಸಿದರು. ಅಲ್ಲಿಂದ ಅವರು ಹೋದದ್ದು ಕಾನ್ಪುರಕ್ಕೆ, ಕೂಲಿಕಾರರ ನಡುವೆ. ಅಲ್ಲಿನ ಪಾದರಕ್ಷೆ ಕಾರ್ಮಿಕರ ಸಂಘಟನೆಯಲ್ಲಿ ದುಡಿದರು. ಬಳಿಕ ಮುಂಬೈ, ಕಮ್ಯುನಿಸ್ಟ್ ಪಕ್ಷದ ಉರ್ದು ಪತ್ರಿಕೆ, ಮುಶಾಯಿರಾಗಳು, ಸಿನಿಮಾ ಹಾಡುಗಳು. ನಾವು ಉರ್ದು ಓದಿದವರು ಕೈಫಿಯವರನ್ನು ಶಾಯರ್ ಎಂದೇ ಬಲ್ಲೆವು. ‘ಗರಂ ಹವಾ’ದಲ್ಲಿ ಕೆಲಸಕ್ಕೆ ಬಂದದ್ದು ಮಾತ್ರ ಶಾಯರಿಗಿಂತ ಹೆಚ್ಚಾಗಿ ಕಾನ್ಪುರದ ಆ ದಿನಗಳು. ಮುಂಗಡ ಯಾರು ಯಾರಿಗೆ ಕೊಡುತ್ತಾರೆ, ಸರಕು ತಡವಾದರೆ ಏನಾಗುತ್ತದೆ, ಕೆಲಸಗಾರರು ಕೈಬಿಟ್ಟರೆ ಯಜಮಾನನ ಮುಖ ಹೇಗೆ ಬಾಡುತ್ತದೆ ಎಂಬುದನ್ನು ಪುಸ್ತಕ ಓದಿ ಬರೆಯಲಾಗುವುದಿಲ್ಲ. ಸೋಜಿಗವೆಂದರೆ ‘ಪಾಕೀಜಾ’ದ ಹಾಡುಗಳ ಕವಿಗಳಲ್ಲಿ ಕೈಫಿಯವರೂ ಒಬ್ಬರು. ಅದೇ ಮನುಷ್ಯ, ಅದೇ ಲೇಖನಿ. ಒಂದು ಕಡೆ ಕೋಠಿಯ ರಾತ್ರಿ, ಇನ್ನೊಂದು ಕಡೆ ಬೂಟಿನ ಆರ್ಡರು. ತನ್ನ ಬಾಳಿನ ಯಾವ ಭಾಗವನ್ನು ಬಳಸಿಕೊಳ್ಳಬೇಕು ಎಂಬುದನ್ನು ಬರಹಗಾರನೊಬ್ಬನೇ ತೀರ್ಮಾನಿಸುವುದಿಲ್ಲ. ಅವನನ್ನು ಕರೆದವರು ಏನು ಕೇಳುತ್ತಾರೆ ಎಂಬುದರ ಮೇಲೂ ಅದು ನಿಂತಿದೆ.

ಕಥೆಗಾರರಾದ ನಮಗೆ ಇಲ್ಲಿ ಸ್ವಲ್ಪ ಕಸಿವಿಸಿಯೂ ಆಗುತ್ತದೆ. ಇಸ್ಮತ್ ಆಪಾ ಅವರ ಸ್ಟೇಷನ್ ಮಾಸ್ತರ ಎಲ್ಲಿ ಹೋದ? ಪ್ಲಾಟ್‌ಫಾರಂ ಮೇಲೆ ನಿಂತು, ತನ್ನವರನ್ನೆಲ್ಲ ಹೊತ್ತೊಯ್ಯುವ ಗಾಡಿಗಳಿಗೆ ತಾನೇ ಹಸಿರು ಬಾವುಟ ತೋರಿಸುವ ಮನುಷ್ಯನ ಚಿತ್ರ ಕಣ್ಣ ಮುಂದೆ ಬರುತ್ತದೆ. ಅದೊಂದು ಸಣ್ಣಕಥೆಗೆ ಎಷ್ಟು ಹೇಳಿಮಾಡಿಸಿದ ವಸ್ತು! ಚಿತ್ರದ ಆರಂಭದಲ್ಲಿ ಸಲೀಂ ಮಿರ್ಜಾ ಸ್ಟೇಷನ್ನಿನಲ್ಲಿ ನಿಂತು ಬಂಧುಗಳನ್ನು ಬೀಳ್ಕೊಟ್ಟು ಟಾಂಗಾ ಹತ್ತುತ್ತಾರಲ್ಲ, ಅಲ್ಲಿ ಆ ಮಾಸ್ತರನ ನೆರಳು ಉಳಿದುಕೊಂಡಿದೆ ಎಂದು ನಾವು ಸಮಾಧಾನ ಮಾಡಿಕೊಳ್ಳುತ್ತೇವೆ. ಇಸ್ಮತ್ ಸಿನಿಮಾಕ್ಕೆ ಹೊಸಬರೇನಲ್ಲ. ಅಲೀಗಢದಲ್ಲಿ ಓದಿ, ಬರೇಲಿಯಲ್ಲಿ ಹುಡುಗಿಯರ ಶಾಲೆ ನಡೆಸಿ, ಮುಂಬೈಯಲ್ಲಿ ಶಾಲಾ ಇನ್‌ಸ್ಪೆಕ್ಟರ್ ಆಗಿದ್ದವರು. 1942ರಲ್ಲಿ ಬಂದ ‘ಲಿಹಾಫ್’ ಕಥೆಗಾಗಿ ಲಾಹೋರಿನ ಕೋರ್ಟು ಮೆಟ್ಟಿಲು ಹತ್ತಿ ಗೆದ್ದು ಬಂದವರು. ಪತಿ ಶಾಹಿದ್ ಲತೀಫ್ ಜೊತೆ ‘ಜಿದ್ದಿ’ (1948), ‘ಆರ್ಜೂ’ (1950), ‘ಸೋನೆ ಕಿ ಚಿಡಿಯಾ’ (1958) ಚಿತ್ರಗಳಲ್ಲಿ ಕೆಲಸ ಮಾಡಿದವರು. ಬದಾಯೂಂ, ಅಲೀಗಢಗಳ ಮಧ್ಯಮ ವರ್ಗದ ಮನೆಗಳ ಹಿತ್ತಲು, ಹಜಾರ, ಪರದೆಯಾಚೆಯ ಪಿಸುಮಾತು ಅವರಿಗೆ ಅಂಗೈ ಗೆರೆಯಷ್ಟು ಪರಿಚಿತ. ಮದುವೆಯಾಗದ ಮಗಳೊಬ್ಬಳು ಮನೆಯಲ್ಲಿದ್ದರೆ ಆ ಮನೆಯ ಗಾಳಿಯೇ ಹೇಗೆ ಬದಲಾಗುತ್ತದೆ ಎಂಬುದನ್ನು ಅವರಷ್ಟು ಬರೆದವರು ಉರ್ದುವಿನಲ್ಲಿ ವಿರಳ.

ಚಿತ್ರಕಥೆ ಬರೆದದ್ದು ಕೈಫಿ ಮತ್ತು ಶಮಾ ಜೈದಿ. ಶಮಾ ಅವರ ಹೆಸರನ್ನು ‘ಸತ್ಯು ಅವರ ಪತ್ನಿ’ ಎಂದಷ್ಟೇ ಹೇಳಿ ಮುಂದೆ ಹೋಗುವ ರೂಢಿ ನಮ್ಮಲ್ಲಿದೆ. ಅದು ಸರಿಯಲ್ಲ. ತಂದೆ ಬಶೀರ್ ಹುಸೇನ್ ಜೈದಿ ರಾಂಪುರ ಸಂಸ್ಥಾನದ ಮುಖ್ಯಮಂತ್ರಿಯಾಗಿದ್ದು, ಮುಂದೆ ಅಲೀಗಢ ಮುಸ್ಲಿಂ ವಿಶ್ವವಿದ್ಯಾಲಯದ ಕುಲಪತಿಯಾದವರು. ತಾಯಿ ಕುದ್ಸಿಯಾ ಜೈದಿ ಐವತ್ತರ ದಶಕದಲ್ಲಿ ದಿಲ್ಲಿಯಲ್ಲಿ ‘ಹಿಂದುಸ್ತಾನಿ ಥಿಯೇಟರ್’ ಕಟ್ಟಿದರು. ಹಬೀಬ್ ತನ್ವೀರ್ ‘ಮೃಚ್ಛಕಟಿಕ’ವನ್ನು ‘ಮಿಟ್ಟಿ ಕಿ ಗಾಡಿ’ ಎಂದು ಆಡಿಸಿದ್ದು ಅಲ್ಲಿಯೇ. ಸಂಸ್ಕೃತ ನಾಟಕ ಉರ್ದುವಿನಲ್ಲಿ, ಒಬ್ಬ ಮುಸ್ಲಿಂ ಹೆಣ್ಣುಮಗಳ ಮುಂದಾಳತ್ವದಲ್ಲಿ. ಇಂದು ಕೇಳಿದರೆ ಕನಸಿನಂತೆ ತೋರುತ್ತದೆ. ಶಮಾ ಕಲಿತದ್ದು ರಂಗವಿನ್ಯಾಸ. ಮೈಸೂರಿನ ಸತ್ಯು ಕೂಡ ಅದೇ ಹಿಂದುಸ್ತಾನಿ ಥಿಯೇಟರಿನಲ್ಲಿ ರಂಗಸಜ್ಜಿಕೆ ಮಾಡಿದವರು, ನಾಟಕ ಆಡಿಸಿದವರು.

ಅಂದರೆ ಸತ್ಯು ‘ಹೊರಗಿನವರು’ ಎಂಬ ಮಾತೇ ಅರ್ಧ ಸತ್ಯ. ಬಿ.ಎಸ್ಸಿ. ಓದನ್ನು ನಡುವೆ ಬಿಟ್ಟು 1952ರ ಸುಮಾರಿಗೆ ಮುಂಬೈ ಸೇರಿದ ಅವರು ಮೊದಲು ಮಾಡಿದ್ದು ಅನಿಮೇಷನ್ ಕೆಲಸ, ಅಂದರೆ ಒಂದೊಂದೇ ಚಿತ್ರ ಬರೆದು ಓಡಿಸುವುದು. ಆಮೇಲೆ ಚೇತನ್ ಆನಂದ್ ಅವರ ಸಹಾಯಕ. ನಂತರ ವರ್ಷಗಟ್ಟಲೆ ಉರ್ದು, ಹಿಂದುಸ್ತಾನಿ ರಂಗಭೂಮಿ. 1964ರ ‘ಹಕೀಕತ್’ ಚಿತ್ರದ ಕಲಾ ನಿರ್ದೇಶನಕ್ಕೆ ಫಿಲಂಫೇರ್ ಪ್ರಶಸ್ತಿ. 1962ರ ಯುದ್ಧದ ಕುರಿತ ಆ ಚಿತ್ರದ ಹಾಡು ಬರೆದವರು ಕೈಫಿ, ನಟರಲ್ಲಿ ಒಬ್ಬರು ಬಲರಾಜ್ ಸಾಹ್ನಿ. ಒಂಬತ್ತು ವರ್ಷಗಳ ನಂತರ ಆಗ್ರಾದಲ್ಲಿ ಸೇರಿದ ತಂಡದ ಮುಖ್ಯ ಮೂವರು ಹೀಗೆ ಮೊದಲೇ ಒಂದೇ ಚಿತ್ರದಲ್ಲಿ ದುಡಿದವರು. ಅದಕ್ಕೂ ಹಿಂದೆ ಇಪ್ಟಾ, ಅಂದರೆ ಜನನಾಟ್ಯ ಸಂಘ, ಇವರೆಲ್ಲರ ತವರುಮನೆ. ಸತ್ಯು ಒಬ್ಬ ಮುಸ್ಲಿಂ ಮನೆಯ ಅಳಿಯರಾದದ್ದರಿಂದ ಈ ಬದುಕು ತಿಳಿಯಿತು ಎನ್ನುವವರಿದ್ದಾರೆ. ಅಳಿಯಂದಿರು ಸಾಮಾನ್ಯವಾಗಿ ಮಾವನ ಮನೆಯ ಹಜಾರವನ್ನಷ್ಟೇ ನೋಡುತ್ತಾರೆ, ಅಡುಗೆಮನೆಯನ್ನಲ್ಲ! ರಂಗಸಜ್ಜಿಕೆ ಮಾಡುವವನಿಗೆ ಮಾತ್ರ ಯಾವ ಮೂಲೆಯಲ್ಲಿ ಯಾವ ವಸ್ತು ಇರಬೇಕು ಎಂಬುದು ಗೊತ್ತಿರಲೇಬೇಕು.

ಚಿತ್ರ ನೋಡಿದವರಿಗೆ ಆ ಹವೇಲಿ ನೆನಪಿರುತ್ತದೆ. ಆಗ್ರಾದ ಪೀಪಲ್ ಮಂಡಿಯಲ್ಲಿದ್ದ, ಮಾಥುರ್ ಮನೆತನದ ನಿಜವಾದ ಹಳೆಯ ಮನೆ ಅದು. ಅಂಗಳ, ಮೆಟ್ಟಿಲು, ಮೇಲಿನ ಕಿಟಕಿ, ಕೆಳಗಿನ ಕತ್ತಲ ಕೋಣೆಗಳು ಎಲ್ಲವೂ ಕಥೆಯೊಳಗೆ ಕೆಲಸ ಮಾಡುತ್ತವೆ. ಮನೆ ಅಣ್ಣ ಹಲೀಂ ಮಿರ್ಜಾರ ಹೆಸರಲ್ಲಿದೆ. ಲೀಗಿನ ನಾಯಕನಾಗಿ ಭಾಷಣ ಬಿಗಿದ ಅಣ್ಣ ಸದ್ದಿಲ್ಲದೆ ಗಡಿ ದಾಟುತ್ತಾನೆ. ದೇಶ ಬಿಟ್ಟವರ ಆಸ್ತಿ ಎಂದು ಕಸ್ಟೋಡಿಯನ್ ಇಲಾಖೆ ಮನೆಯನ್ನು ವಶಪಡಿಸಿಕೊಳ್ಳುತ್ತದೆ. ತಮ್ಮನ ಸಂಸಾರ ಬಾಡಿಗೆ ಮನೆ ಹುಡುಕಿಕೊಂಡು ಅಲೆಯುತ್ತದೆ. ಮುದುಕಿ ತಾಯಿ ಮನೆ ಬಿಟ್ಟು ಬರಲು ಒಲ್ಲದೆ ಸೌದೆ ತುಂಬುವ ಕತ್ತಲಿನಲ್ಲಿ ಅಡಗಿ ಕೂರುತ್ತಾಳೆ. ಸಾಯುವ ಗಳಿಗೆಯಲ್ಲಿ ಅವಳನ್ನು ಪಲ್ಲಕ್ಕಿಯಲ್ಲಿ ಹೊತ್ತು ತಂದು ಅದೇ ಮನೆಯೊಳಗೆ ಇಳಿಸುತ್ತಾರೆ. ಆ ದೃಶ್ಯವನ್ನು ಎಷ್ಟು ಸಲ ನೋಡಿದರೂ ನಮ್ಮ ಗಂಟಲು ಕಟ್ಟುತ್ತದೆ.

ಆ ತಾಯಿಯ ಪಾತ್ರಕ್ಕೆ ಮೊದಲು ಯೋಚಿಸಿದ್ದು ಬೇಗಂ ಅಖ್ತರ್ ಅವರನ್ನು. ಅದು ಆಗಲಿಲ್ಲ. ಆಗ ಆಗ್ರಾದಲ್ಲೇ ಸಿಕ್ಕಿದವರು ಬದರ್ ಬೇಗಂ. ಎಪ್ಪತ್ತು ದಾಟಿದ ವಯಸ್ಸು, ಪೊರೆ ಬಂದು ಕಣ್ಣು ಹೆಚ್ಚುಕಡಿಮೆ ಕಾಣುತ್ತಿರಲಿಲ್ಲ. ಆಕೆ ಹದಿನಾರರ ಹರೆಯದಲ್ಲಿ ಸಿನಿಮಾ ಸೇರಬೇಕೆಂದು ಮುಂಬೈಗೆ ಓಡಿಹೋಗಿ, ವಾಡಿಯಾ ಮೂವಿಟೋನಿನ ಚಿತ್ರವೊಂದರಲ್ಲಿ ಎಕ್ಸ್‌ಟ್ರಾ ಆಗಿ ಸಿಕ್ಕಿದ ದುಡ್ಡಿನಲ್ಲಿ ಊರಿಗೆ ಮರಳಿದವರು. ಆಮೇಲಿನ ಬಾಳು ಆಗ್ರಾದ ವೇಶ್ಯಾಗೃಹದ್ದು. ಗೌರವಸ್ಥ ಮನೆತನದ ಹಿರಿಯಳ ಪಾತ್ರ, ಯಾವ ಗೌರವಸ್ಥ ಮನೆಯೂ ಬಾಗಿಲು ತೆರೆಯದ ಹೆಂಗಸಿಗೆ ಬಂತು. ಧ್ವನಿ ಮಾತ್ರ ದೀನಾ ಪಾಠಕ್ ಅವರದು. ಇದನ್ನು ಸ್ವಾರಸ್ಯಕರ ಸಂಗತಿ ಎಂದು ಹೇಳಿ ಮುಗಿಸುವವರೇ ಹೆಚ್ಚು. ನಮಗೆ ಮುಖ್ಯವಾಗಿ ಕಾಣುವುದು, ಆಕೆ ಅಲ್ಲಿ ನಟನೆಯ ವರಸೆಗಳನ್ನೇನೂ ತೋರಿಸುವುದಿಲ್ಲ ಎಂಬುದು. ಮನೆ ಎಂಬುದು ಕೈತಪ್ಪಿ ಹೋಗುವುದು ಏನೆಂದು ಆಕೆಗೆ ಯಾರೂ ವಿವರಿಸಬೇಕಾಗಿರಲಿಲ್ಲ.

ನಟವರ್ಗದ ಬಗ್ಗೆ ಇನ್ನೊಂದೇ ಮಾತು. ಊರು ಬಿಡಲೊಲ್ಲದ ಮುಸ್ಲಿಮನ ಪಾತ್ರ ಮಾಡಿದ ಬಲರಾಜ್ ಸಾಹ್ನಿ ರಾವಲ್ಪಿಂಡಿಯವರು, ಊರು ಕಳೆದುಕೊಂಡವರು. ಹವೇಲಿಯನ್ನು ಕೊಂಡುಕೊಳ್ಳುವ ಸಿಂಧಿ ವ್ಯಾಪಾರಿ ಅಜ್ಮಾನಿಯಾಗಿ ಬಂದ ಎ.ಕೆ. ಹಾನಗಲ್ ಕರಾಚಿಯಲ್ಲಿ ದರ್ಜಿಯಾಗಿ, ಹೋರಾಟಗಾರನಾಗಿ, ಜೈಲು ಕಂಡು 1949ರಲ್ಲಿ ಮುಂಬೈಗೆ ಬಂದವರು. ಮನೆ ಕಳೆದುಕೊಂಡ ಇಬ್ಬರು ಒಂದು ಮನೆಯ ಎರಡು ಬದಿಗೆ ನಿಂತಿದ್ದಾರೆ. ಅಜ್ಮಾನಿಯನ್ನು ಚಿತ್ರ ಖಳನಾಗಿಸದೆ ಇರುವುದಕ್ಕೆ ಇದೂ ಒಂದು ಕಾರಣವಿರಬಹುದು. ಸಾಹ್ನಿಯವರು ತಮ್ಮ ಮಗಳು ಶಬನಂಳನ್ನು 1972ರಲ್ಲಿ ಕಳೆದುಕೊಂಡಿದ್ದರು. ಚಿತ್ರದಲ್ಲಿ ಮಗಳು ಆಮಿನಾಳ ಶವದ ಮುಂದೆ ಅವರು ಅಳುವುದಿಲ್ಲ. ಡಬ್ಬಿಂಗ್ ಮುಗಿಸಿದ ಮರುದಿನ, 1973ರ ಏಪ್ರಿಲ್ 13ರಂದು, ತೀರಿಕೊಂಡರು. ಸಿಕಂದರ್ ಪಾತ್ರದ ಫಾರೂಕ್ ಶೇಖ್ ಆಗ ಕಾನೂನು ವಿದ್ಯಾರ್ಥಿ. ಅದು ಅವರ ಮೊದಲ ಚಿತ್ರ, ಸಂಭಾವನೆ 750 ರೂಪಾಯಿ.

ದುಡ್ಡಿನ ವಿಷಯ ಬಂತಲ್ಲ. ಫಿಲಂ ಫೈನಾನ್ಸ್ ಕಾರ್ಪೊರೇಷನ್ ಕೊಟ್ಟ ಸಾಲ ಎರಡೂವರೆ ಲಕ್ಷ. ಉಳಿದದ್ದನ್ನು ಸತ್ಯು ಗೆಳೆಯರಿಂದ ಸಾಲ ಎತ್ತಿದರು. ಕ್ಯಾಮೆರಾ ಕೂಡ ಗೆಳೆಯರೊಬ್ಬರಿಂದ ಎರವಲು. ಚಿತ್ರೀಕರಣದ ಜಾಗದಲ್ಲಿ ಧ್ವನಿ ಮುದ್ರಿಸುವ ಸಲಕರಣೆಗೆ ಕಾಸಿಲ್ಲ, ಹಾಗಾಗಿ ಮಾತೆಲ್ಲ ಆಮೇಲೆ ಮುಂಬೈಯಲ್ಲಿ ಸೇರಿಸಿದ್ದು. ಊರಿನಲ್ಲಿ ವಿರೋಧ ಎದ್ದಾಗ ಜನರ ಗಮನ ತಪ್ಪಿಸಲು ರೀಲು ತುಂಬದ ಕ್ಯಾಮೆರಾ ಹಿಡಿದ ಸುಳ್ಳು ತಂಡವೊಂದನ್ನು ಬೇರೆ ಬೀದಿಗೆ ಕಳಿಸುತ್ತಿದ್ದರಂತೆ. ಇಂಥ ಸ್ಥಿತಿಯಲ್ಲಿ ಛಾಯಾಗ್ರಾಹಕನಾಗಿ ದುಡಿದವರು ಇಶಾನ್ ಆರ್ಯ. ಅವರೂ ಇಪ್ಟಾದವರು, ಜಾಹೀರಾತು ಚಿತ್ರಗಳನ್ನು ತೆಗೆಯುತ್ತಿದ್ದವರು, ಇದು ಅವರ ಮೊದಲ ಕಥಾಚಿತ್ರ. ಜಾಹೀರಾತಿನವರಿಗೆ ಕಡಿಮೆ ರೀಲಿನಲ್ಲಿ, ಕಡಿಮೆ ಹೊತ್ತಿನಲ್ಲಿ ಕೆಲಸ ಮುಗಿಸುವ ಅಭ್ಯಾಸ ಇರುತ್ತದೆ. ಆ ಮನೆಯ ಇಕ್ಕಟ್ಟಿನಲ್ಲಿ ಅದು ಒದಗಿಬಂತು. ಎರಡು ವರ್ಷದ ಬಳಿಕ ತೆಲುಗಿನ ‘ಮುತ್ಯಾಲ ಮುಗ್ಗು’ (1975) ಚಿತ್ರಕ್ಕೆ ಅವರು ರಾಷ್ಟ್ರಪ್ರಶಸ್ತಿ ಪಡೆದರು.

ಸಂಗೀತ ಉಸ್ತಾದ್ ಬಹಾದುರ್ ಖಾನ್ ಅವರದು. ಅಲ್ಲಾವುದ್ದೀನ್ ಖಾನ್ ಅವರ ತಮ್ಮನ ಮಗ, ಸರೋದ್ ವಾದಕರು, ಋತ್ವಿಕ್ ಘಟಕರ ‘ಸುಬರ್ಣರೇಖಾ’ಕ್ಕೆ ಸಂಗೀತ ಕೊಟ್ಟವರು. ಪೂರ್ವ ಬಂಗಾಳದ ಕೊಮಿಲ್ಲಾ ಕಡೆಯ ಮನೆತನ. ಅಂದರೆ ವಿಭಜನೆಯ ಇನ್ನೊಂದು ಗಡಿಯ ನೋವನ್ನು ಮೊದಲೇ ನುಡಿಸಿ ಬಂದವರು. ಇಲ್ಲಿ ಕನ್ನಡ ಓದುಗರಿಗೆ ಒಂದು ನೆನಪು ಬರಬೇಕು. 1970ರ ‘ಸಂಸ್ಕಾರ’ಕ್ಕೆ ಸಂಗೀತ ಕೊಟ್ಟ ರಾಜೀವ್ ತಾರಾನಾಥ್ ಇಂಗ್ಲಿಷ್ ಪ್ರಾಧ್ಯಾಪಕರು, ಅಲಿ ಅಕ್ಬರ್ ಖಾನರ ಶಿಷ್ಯರು, ಅದೇ ಮೈಹರ್ ಘರಾನೆಯ ಸರೋದ್ ಕೈ. ‘ಸಂಸ್ಕಾರ’ದ ನಿರ್ದೇಶಕ ಪಟ್ಟಾಭಿರಾಮ ರೆಡ್ಡಿ ಕವಿ, ಕಲಾ ನಿರ್ದೇಶಕ ಎಸ್.ಜಿ. ವಾಸುದೇವ್ ಚಿತ್ರಕಾರ, ಚಿತ್ರಕಥೆ ಬರೆದು ನಟಿಸಿದ ಕಾರ್ನಾಡರು ನಾಟಕಕಾರ. ಅಲ್ಲಿಯೂ ಸಿನಿಮಾದ ಆಚೆಯಿಂದ ಬಂದವರು ಒಂದು ಅಗ್ರಹಾರದ ಒಳಗನ್ನು ತೆರೆದರು. ಎರಡನ್ನೂ ಸೆನ್ಸಾರ್ ಮಂಡಳಿ ತಡೆಯಿತು. ‘ಗರಂ ಹವಾ’ ಕೋಮುಗಲಭೆ ಎಬ್ಬಿಸುತ್ತದೆಂದು ಹೆದರಿ ತಿಂಗಳುಗಟ್ಟಲೆ ಹಿಡಿದಿಟ್ಟರು. ಕೊನೆಗೆ ಅದು ತೆರೆ ಕಂಡದ್ದು ಬೆಂಗಳೂರಿನ ಸಾಗರ್ ಮತ್ತು ಸಂಗೀತ್ ಚಿತ್ರಮಂದಿರಗಳಲ್ಲಿ. ಗಲಭೆ ಆಗಲಿಲ್ಲ. ಆಮೇಲೆ ಅದೇ ಸರ್ಕಾರ ರಾಷ್ಟ್ರೀಯ ಭಾವೈಕ್ಯದ ಚಿತ್ರ ಎಂದು ಪ್ರಶಸ್ತಿ ಕೊಟ್ಟಿತು.

ಹೀಗೆ ಬೇರೆ ಬೇರೆ ಕಸುಬಿನಿಂದ ಬಂದವರು ತಂದ ತಿಳಿವಳಿಕೆ ಚಿತ್ರವನ್ನು ಗಟ್ಟಿ ಮಾಡಿತು. ಮಾತಿನಲ್ಲೂ ಅದು ಕೇಳುತ್ತದೆ. ಮನೆಯಲ್ಲಿ ‘ನಕ್ಕೊ’ ಎನ್ನುತ್ತ ಬೆಳೆದು ಶಾಲೆಯಲ್ಲಿ ‘ನಹೀಂ’ ಕಲಿತ ನಮ್ಮಂಥ ದಖನಿಗಳಿಗೆ ಉತ್ತರದ ಉರ್ದು ಎಂದರೆ ಸಣ್ಣ ಅಳುಕು. ಸಿನಿಮಾದ ಉರ್ದುವಂತೂ ಅತ್ತರು ಬಳಿದುಕೊಂಡೇ ಬರುವುದು. ಇಲ್ಲಿ ಹಾಗಿಲ್ಲ. ಶೌಕತ್ ಆಜ್ಮಿ ಮಾಡಿದ ಹೆಂಡತಿ ಜಮೀಲಾ ಸಂಸಾರದ ಮಾತನ್ನೇ ಆಡುತ್ತಾಳೆ, ಗಂಡನನ್ನು ಗದರುತ್ತಾಳೆ. ಆ ಮನೆ ನಮ್ಮ ಮನೆಯಂತೆ ಕೇಳಿಸುತ್ತದೆ.

ಆದರೆ ತಂದದ್ದೆಲ್ಲ ಲಾಭವೇ ಎನ್ನಲಾಗುವುದಿಲ್ಲ. ಆಗ್ರಾದ ಬೂಟಿನ ಉದ್ಯಮದಲ್ಲಿ ದುಡಿಯುವ ಕೈಗಳಲ್ಲಿ ಜಾಟವ ದಲಿತರದೇ ದೊಡ್ಡ ಪಾಲು. ಚಿತ್ರ ಯಜಮಾನನ ಮನೆಯ ಒಲೆಯವರೆಗೆ ಹೋಗುತ್ತದೆ, ಕೆಲಸಗಾರರ ಮನೆಯ ಹೊಸಿಲಿಗೂ ಹೋಗುವುದಿಲ್ಲ. ಕಾರ್ಮಿಕ ಸಂಘಟನೆಯ ಕಣ್ಣಿಗೆ ಅವರು ‘ಕಾರ್ಮಿಕರು’. ಆ ಕಣ್ಣಿಗೆ ಜಾತಿ ಅಷ್ಟಾಗಿ ಕಾಣುತ್ತಿರಲಿಲ್ಲ. ಕೊನೆಯ ದೃಶ್ಯವೂ ಹಾಗೆಯೇ. ಸ್ಟೇಷನ್ನಿಗೆ ಹೊರಟ ಟಾಂಗಾಕ್ಕೆ ಕೆಲಸ ಕೇಳುವವರ ಮೆರವಣಿಗೆ ಎದುರಾಗುತ್ತದೆ. ಸಿಕಂದರ್ ಇಳಿದು ಸೇರಿಕೊಳ್ಳುತ್ತಾನೆ, ಸಲೀಂ ಮಿರ್ಜಾ ಕೂಡ ಕೆಳಗಿಳಿಯುತ್ತಾರೆ. ಮನುಷ್ಯ ಒಬ್ಬನೇ ಎಷ್ಟು ದಿನ ಬದುಕಬಲ್ಲ ಎಂಬ ಅರ್ಥದ ಅವರ ಮಾತು ನಿಜವಾದದ್ದು. ಸಿಕಂದರನ ನಿರುದ್ಯೋಗವನ್ನು ಮೊದಲಿನಿಂದ ಕಟ್ಟಿಕೊಂಡು ಬಂದಿರುವುದರಿಂದ ಅವನು ಇಳಿಯುವುದೂ ನ್ಯಾಯವೇ. ಮೆರವಣಿಗೆ ಮಾತ್ರ ಇಪ್ಟಾದ ರಂಗದ ಮೇಲಿಂದ ಇಳಿದು ಬಂದಂತಿದೆ. ಮೂವತ್ತು ವರ್ಷ ಇಂಥ ಮೆರವಣಿಗೆಗಳಿಗೆ ಹಾಡು ಬರೆದವರು ಅದನ್ನು ಕರೆಯದೆ ಇರಲಾರರು.

ನಮ್ಮ ದೊಡ್ಡ ತಕರಾರು ಆಮಿನಾಳದ್ದು. ಗೀತಾ ಸಿದ್ಧಾರ್ಥ್ ಮಾಡಿದ ಈ ಹುಡುಗಿಗೆ ಎರಡು ಸಲ ಮದುವೆಯ ಮಾತಾಗುತ್ತದೆ, ಎರಡು ಸಲವೂ ಗಡಿ ನಡುವೆ ಬರುತ್ತದೆ. ಮದುವಣಗಿತ್ತಿಯ ಉಡುಗೆಯಲ್ಲಿ ಅವಳು ಪ್ರಾಣ ಬಿಡುತ್ತಾಳೆ. ತಂದೆಗೆ ಬದುಕಲು ಮೆರವಣಿಗೆ ಇದೆ, ಮಗನಿಗೆ ಮೆರವಣಿಗೆ ಇದೆ, ಮಗಳಿಗೆ ಏನಿದೆ? ಇಸ್ಮತ್ ಆಪಾ ಅವರ ಕಥೆಗಳನ್ನು ಓದಿದವರಿಗೆ ಅವರ ಹೆಣ್ಣುಗಳು ಗೊತ್ತು. ಸೋಲುತ್ತಾರೆ, ಸುಳ್ಳು ಹೇಳುತ್ತಾರೆ, ಬೈಯುತ್ತಾರೆ, ಸುಮ್ಮನೆ ಪ್ರಾಣ ಬಿಡುವುದು ಕಡಿಮೆ. ಕಾರ್ಖಾನೆಯ ವಿವರಕ್ಕೆ ಸಂಘಟಕನ ಅನುಭವ ಸಿಕ್ಕಿತು, ಮನೆಯ ಮೂಲೆಗೆ ರಂಗಸಜ್ಜಿಕೆಯ ಕಣ್ಣು ಸಿಕ್ಕಿತು. ಆ ಹುಡುಗಿಗೆ ಮಾತ್ರ ಹಿಂದಿ ಸಿನಿಮಾದ ಹಳೆಯ ರೂಢಿಯೇ ಗತಿಯಾಯಿತು. 1975ರಲ್ಲಿ ಕಥೆಗೆ, ಚಿತ್ರಕಥೆಗೆ, ಸಂಭಾಷಣೆಗೆ ಮೂರು ಫಿಲಂಫೇರ್ ಪ್ರಶಸ್ತಿ ಬಂದದ್ದು ಈ ಕೊರತೆಯನ್ನು ಮುಚ್ಚುವುದಿಲ್ಲ.

ಆಮೇಲೆ ಎಲ್ಲರೂ ಬೇರೆ ಬೇರೆ ಕಡೆ ನಡೆದರು. ಸತ್ಯು ಕನ್ನಡಕ್ಕೆ ಬಂದು ‘ಕನ್ನೇಶ್ವರ ರಾಮ’ (1977), ‘ಚಿತೆಗೂ ಚಿಂತೆ’ (1978), ಅನಂತಮೂರ್ತಿಯವರ ಕಥೆಯ ‘ಬರ’ ಮಾಡಿದರು. ‘ಗರಂ ಹವಾ’ವನ್ನು ದುರಸ್ತಿ ಮಾಡಿ 2014ರ ನವೆಂಬರಿನಲ್ಲಿ ಮತ್ತೆ ತೆರೆಗೆ ತಂದಾಗ ಹೊಸ ಪೀಳಿಗೆಯೂ ಅದನ್ನು ನೋಡಿತು. ಶಮಾ ಜೈದಿ ಸತ್ಯಜಿತ್ ರಾಯ್ ಅವರ ‘ಶತರಂಜ್ ಕೆ ಖಿಲಾಡಿ’ (1977), ಮುಜಫ್ಫರ್ ಅಲಿಯವರ ‘ಉಮ್ರಾವ್ ಜಾನ್’ (1981), ಶ್ಯಾಮ್ ಬೆನೆಗಲ್ ಅವರ ಹಲವು ಚಿತ್ರಗಳಲ್ಲಿ ದುಡಿದರು. ಬೆನೆಗಲ್ ಚಿತ್ರಗಳಲ್ಲಿ ಒಂದು 1994ರ ‘ಮಮ್ಮೋ’. ಮೂಲ ಕಥೆ ಖಾಲಿದ್ ಮೊಹಮ್ಮದ್ ಅವರದು, ಬರವಣಿಗೆಯಲ್ಲಿ ಶಮಾ ಅವರ ಪಾಲೂ ಇದೆ. ಲಾಹೋರಿನಿಂದ ಮುಂಬೈಗೆ ಸಹೋದರಿಯ ಮನೆಗೆ ಬಂದ ವಿಧವೆಯೊಬ್ಬಳನ್ನು ವೀಸಾ ಮುಗಿಯಿತೆಂದು ಪೊಲೀಸರು ರೈಲು ಹತ್ತಿಸುತ್ತಾರೆ. ವರ್ಷಗಳ ನಂತರ ಅವಳು ಮತ್ತೆ ಬಂದು ಬಾಗಿಲು ತಟ್ಟುತ್ತಾಳೆ. ಈ ಸಲ ಯಾರೂ ಓಡಿಸದಂತೆ, ತಾನು ಸತ್ತಿರುವುದಾಗಿ ಒಂದು ಸರ್ಟಿಫಿಕೇಟು ಮಾಡಿಸಿಕೊಂಡು ಅದೇ ಮನೆಯಲ್ಲಿ ಉಳಿಯುತ್ತಾಳೆ.